ಅಂಗೈಯಲ್ಲಿ ಕರಗಿದ್ದು

ಇಪ್ಪತ್ತೆರಡು ವರ್ಷದ ಹಿಂದೆ, ಕೊವೆಂಟ್ರಿಯ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ವಾಸಂತಿ ತನಗಿಂತ ಹಿರಿಯ ಗೆಳತಿ ಕಾಶೀಬಾಯಿಯವರಿಗೆ ಒಂದು ಮಾತು ಕೊಟ್ಟಿದ್ದಳು.

ಅವತ್ತು ಸಂಜೆಯಿಡೀ ಮನೆಗೆ ಬಂದವರೆಲ್ಲ ಅವಳಿಗೆ ಸುಳ್ಳು ಹೇಳಿದ್ದರು. ಮೋಟರ್‌ವೇಯಲ್ಲಿ ನಿನ್ನ ಗಂಡನ ಕಾರಿಗೆ ಲಾರಿ ತಾಗಿದೆಯಂತೆ, ದಿನೇಶನ ಕಾಲಿಗೆ ಸ್ವಲ್ಪ ಪೆಟ್ಟಂತೆ, ನೀನು ಮೊದಲು ಎರಡು ತುತ್ತು ಊಟ ಮಾಡು. ಕಾಶೀಬಾಯಿ ಬಂದವರೇ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. "ದಿನೇಶ ಹೋಗ್ಯಾನವಾ," ಎಂದರು. ಆಮೇಲೆ ಬೆಳಗಾಗುವವರೆಗೂ ಪಕ್ಕದಲ್ಲೇ ಕೂತಿದ್ದರು.

"ನಾ ನಿನಗ ಖರೇ ಹೇಳೀನಿ," ಎಂದಿದ್ದರು ಹೊರಡುವಾಗ. "ನಾಳೆ ನನ್ನ ಪಾಳಿ ಬಂದಾಗ ನೀನೂ ನನಗ ಖರೇನ ಹೇಳಬೇಕು. ಊಟ ಮಾಡ್ರಿ, ಚಾ ಕುಡೀರಿ ಅಂತ ಆಟ ಆಡಿಸಬಾರದು. ಕೈ ಕೊಡು."

ವಾಸಂತಿ ಅವರ ಅಂಗೈ ಮೇಲೆ ಅಂಗೈ ಇಟ್ಟಿದ್ದಳು.

ಈಗ ಅವರ ಪಾಳಿ ಬಂದಿತ್ತು.

* * *

"ಅದನ್ನ ಇಲ್ಲಿಗ್ಯಾಕ ತಂದ್ರಿ ಅಕ್ಕಾ?"

ಶಹಬಾಜ್ ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟ. ವಾಸಂತಿ ಉದ್ದನೆಯ ಚೀಲದ ಜಿಪ್ ಎಳೆದು, ಬೋರ್ಡನ್ನು ಅವನ ಕೆಲಸದ ಮೇಜಿನ ಮೇಲೆ ಮಲಗಿಸಿದಳು.

ಕಡುನೀಲಿ ಬಣ್ಣದ, ಕಿರಿದಾದ, ಗಡಸು ಬೋರ್ಡು. ಹುಡುಗರು ಹಾರಿ ಕುಣಿಯುವ ಅಗಲದ ಸ್ನೋಬೋರ್ಡಲ್ಲ ಇದು. ಗಟ್ಟಿ ಪ್ಲಾಸ್ಟಿಕ್ಕಿನ ಬೂಟು ತೊಟ್ಟು, ಎರಡೂ ಪಾದವನ್ನು ಮುಂದಕ್ಕೆ ಓರೆಯಾಗಿ ಬಿಗಿದು, ಮೈಯನ್ನು ಹಿಮಕ್ಕೆ ತಾಗುವಷ್ಟು ವಾಲಿಸಿ, ಬೋರ್ಡಿನ ಉಕ್ಕಿನ ಅಂಚಿನಿಂದ ಹಿಮವನ್ನು ಚಾಕುವಿನಂತೆ ಸೀಳುತ್ತ ಇಳಿಯುವವರದು. ಕಾರ್ವಿಂಗ್ ಅನ್ನುತ್ತಾರೆ. ಕಾಶೀಬಾಯಿ ಮಾತ್ರ ಅದನ್ನು "ನಮ್ಮ ಮುತ್ತೂನ ಮಣಿ" ಅನ್ನುತ್ತಿದ್ದರು, ಊಟಕ್ಕೆ ಕೂರುವ ಮಣೆಯೋ ಎಂಬ ಹಾಗೆ.

ಮುತ್ತು ಎಂದರೆ ಡಾಕ್ಟರ್ ಮೃತ್ಯುಂಜಯ, ಅವರ ಒಬ್ಬನೇ ಮಗ, ಶಹಬಾಜನ ಜೀವದ ಗೆಳೆಯ. ಅಕ್ಟೋಬರಿನ ಒಂದು ಬೆಳಿಗ್ಗೆ, ಒಳಾಂಗಣ ಹಿಮದ ಇಳಿಜಾರಿನಲ್ಲಿ, ಪೂರ್ತಿ ವೇಗದಲ್ಲಿದ್ದಾಗ ಮುಂಗಾಲಿನ ಬೂಟನ್ನು ಹಿಡಿದಿಡುವ ಬೈಂಡಿಂಗ್ ಬೋರ್ಡಿನಿಂದ ಕಿತ್ತು ಬಂದು, ಪಕ್ಕದ ಕಂಬಕ್ಕೆ ತಲೆ ಬಡಿದು ಸತ್ತಿದ್ದ.

"ಪೊಲೀಸರು ನೋಡಿ ಮುಗಿಸಿದರು. ಮನೆಯವರ ಪರವಾಗಿ ನನ್ನ ಕೈಗೆ ಕೊಟ್ಟರು," ಎಂದಳು ವಾಸಂತಿ. "ಕಾಶಕ್ಕ ಇದು ಮನೆಯೊಳಗೆ ಬರಕೂಡದು ಅಂದರು."

"ನನ್ನ ಮನಿಗೆ ಬರಬಹುದೇನ್ರಿ ಹಂಗಾದ್ರ?"

"ಕೊಲೆಗಾರನ ಮನೆಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?"

ಶಹಬಾಜ್ ನಕ್ಕ. ಕಣ್ಣು ನಗಲಿಲ್ಲ. "ಆ ಮಾತ ಮುತ್ತೂನ ಅವ್ವ ಅಂದ್ರ ತಡಕೋತೀನಿ. ನೀವ ಅನಬ್ಯಾಡ್ರಿ. ಚಾ ಮಾಡಲೇನು? ಹಾಲಿಲ್ಲ."

"ಬೇಡ. ಕೂತ್ಕೋ."

ಅವನು ಕೂರಲಿಲ್ಲ. ಗ್ಯಾರೇಜಿನಲ್ಲಿ ಫೆಬ್ರವರಿಯ ಚಳಿ ಗಡ್ಡೆ ಕಟ್ಟಿತ್ತು. ಗೋಡೆಯ ಮೇಲೆ ಅವನ ಬೋರ್ಡುಗಳು ಎತ್ತರದ ಪ್ರಕಾರ ಸಾಲಾಗಿ ತೂಗಾಡುತ್ತಿದ್ದವು. ಕೆಳಗೆ ಅರ, ಇಸ್ತ್ರಿಪೆಟ್ಟಿಗೆ, ಮೇಣದ ಗಟ್ಟಿಗಳು, ಕೋನ ಅಳೆಯುವ ಪಟ್ಟಿ. ಎಲ್ಲಕ್ಕೂ ಒಂದೊಂದು ಜಾಗ. ಕೊವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ಮುರಿದ ಭಾಗಗಳು ಯಾಕೆ ಮುರಿದವು ಎಂದು ಹುಡುಕುತ್ತಲೇ ತಲೆ ಹಣ್ಣಾಗಿಸಿಕೊಂಡಿದ್ದ ವಾಸಂತಿಗೆ ಇಂಥ ಮೇಜು ಕಂಡರೆ ಆ ಮೇಜಿನ ಯಜಮಾನನ ಸ್ವಭಾವವೇ ಕಂಡ ಹಾಗೆ.

"ಗುರುವಾರ ಮುತ್ತು ಸಾವಿನ ಇನ್‌ಕ್ವೆಸ್ಟ್. ವಿಚಾರಣೆ ಮಾಡೋ ಕರೋನರ್ ಎದುರಿಗೆ ಏನು ಹೇಳ್ತೀಯ?"

"ಆಗಲೇ ಬರಕೊಟ್ಟೀನಲ್ರಿ. ಬೋರ್ಡ್ ಆರಿಸಿದಾವ ನಾನ, ಬೈಂಡಿಂಗ್ ಕೂಡಿಸಿದಾವ ನಾನ. ಸ್ಕ್ರೂ ಸಡಿಲಾಗಬಾರದಂತ ನೀಲಿ ಗೋಂದು ಹಚ್ತೀವಲ್ರಿ, ಅದನ್ನ ಹಚ್ಚೋದು ಮರತೆ. ನಡುಕಕ್ಕ ಸಡಿಲಾದವು. ತಪ್ಪು ನಂದು."

"ಪ್ರಮಾಣ ಮಾಡಿ ಹೇಳ್ತೀಯ?"

"ಕುರಾನ್ ಮ್ಯಾಲ ಕೈ ಇಟ್ಟು."

ಇದೇ ವಾಸಂತಿಯ ನಿದ್ದೆ ಕೆಡಿಸಿದ್ದು. ಇಷ್ಟು ವರ್ಷದಲ್ಲಿ ತಪ್ಪು ಮಾಡಿ ಇಲ್ಲ ಅಂದವರನ್ನು ಎಷ್ಟೋ ಜನರನ್ನು ನೋಡಿದ್ದಳು. ಕೇಳುವ ಮೊದಲೇ ನನ್ನದೇ ತಪ್ಪು ಎಂದು ಓಡಿ ಬಂದವನನ್ನು ನೋಡಿರಲಿಲ್ಲ.

"ಅವನು ಹೋಗೋ ಹಿಂದಿನ ತಿಂಗಳು ನೀವಿಬ್ಬರೂ ಜಗಳ ಆಡಿದ್ರಂತೆ. ಕಾಶಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡಿದಾರೆ. 'ಸಾಯ್ತೀ ಮಗನ' ಅಂದೆಯಂತೆ."

"ಅಂದಿದ್ದೆ. ಆವ ಇದಕ್ಕಿಂತ ಗೇಣುದ್ದ ಹೆಚ್ಚಿನ ಬೋರ್ಡ್ ಬೇಕಂತ ಕುಂತಿದ್ದ. ರೇಸಿನವರ ಬೋರ್ಡು. ಆವ ನೋಡಿದ್ರ ಕಡ್ಡಿ ಪೈಲ್ವಾನ. ಅಷ್ಟು ಹಗುರ ಇದ್ದಾವ ನಿಂತ್ರ ಆ ಹಲಗಿ ಬಗ್ಗಂಗಿಲ್ರಿ. ಬಗ್ಗಲಿಲ್ಲಂದ್ರ ತಿರುಗಂಗಿಲ್ಲ, ನೆಟ್ಟಗ ಹೋಗಿ ಗ್ವಾಡಿಗೆ ಹೊಡೀತದ. ಅದಕ್ಕ ಬೈದೆ."

"ಕೊನೆಗೆ ನಿನ್ನ ಮಾತು ಕೇಳಿದ."

"ಕೇಳಿದ. ತೂಕಕ್ಕ ತಕ್ಕ ಉದ್ದ, ಪಾದಕ್ಕ ತಕ್ಕ ಅಗಲ. ಬೂಟಿನ ತುದಿ ಒಂದು ಬೆರಳೂ ಹೊರಗ ಚಾಚಬಾರದು. ಚಾಚಿದ್ರ ವಾಲಿದಾಗ ಬೂಟು ಹಿಮಕ್ಕ ತಾಗಿ ಅಂಚು ಎದ್ದುಬಿಡ್ತದ. ಅದಕ್ಕ ಮುಂಗಾಲು ಅರವತ್ತು ಡಿಗ್ರಿ, ಹಿಂಗಾಲು ಐವತ್ತೈದು. ಮೂರು ಸಂಜಿ ಕುಂತು ಕೂಡಿಸಿದ್ದೆ." ಅವನ ಕೈ ತಾನಾಗಿಯೇ ಬೋರ್ಡಿನತ್ತ ಹೋಯಿತು. ತಾಗುವ ಮೊದಲೇ ಹಿಂದಕ್ಕೆಳೆದುಕೊಂಡ.

"ಮೂರು ಸಂಜೆ ಕೂತವನು ಗೋಂದು ಮರೆತೆ."

"ಮರತೆ."

ವಾಸಂತಿ ಎದ್ದು ಗೋಡೆಯಿಂದ ಅವನದೇ ಒಂದು ಬೋರ್ಡನ್ನು ಇಳಿಸಿದಳು. ಕೇಳದೆ ಅವನ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದು ಸ್ಕ್ರೂಗೆ ಕೊಟ್ಟು ತಿರುಗಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಮೈಭಾರ ಹಾಕಿದ ಮೇಲೆ ಕಿರ್ರೆಂದು ಬಿಟ್ಟುಕೊಂಡಿತು. ಸುತ್ತುಗಳ ನಡುವೆ ಒಣಗಿದ ನೀಲಿ ಗೋಂದು ಗಟ್ಟಿಯಾಗಿ ಕಚ್ಚಿಕೊಂಡಿತ್ತು.

"ಇನ್ನೊಂದು ತೆಗೀಲಾ?"

ಶಹಬಾಜ್ ಆ ಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ.

"ಎಲ್ಲದರಲ್ಲೂ ನೀಲಿ ಇರತ್ತೆ. ನಿನ್ನ ಬೋರ್ಡಿಗೆ ಮರೆಯದವನು ಅವನ ಬೋರ್ಡಿಗೆ ಮರೆತೆಯಾ?"

"ಮನುಷ್ಯ ಅಲ್ಲೇನ್ರಿ ನಾನು? ಮರೀತಾವ."

ವಾಸಂತಿ ಮುತ್ತುವಿನ ಬೋರ್ಡಿನ ಕಡೆ ತಿರುಗಿದಳು. ಮುಂದಿನ ಬೈಂಡಿಂಗಿನ ಸ್ಕ್ರೂಗಳು ಪೊಲೀಸರ ಬಳಿ ಇದ್ದವು. ಹಿಂದಿನದು ಇನ್ನೂ ಕೂತಿದ್ದ ಹಾಗೇ ಇತ್ತು. ಅದನ್ನು ಯಾರೂ ಬಿಚ್ಚಿರಲಿಲ್ಲ, ಅದು ಕಿತ್ತು ಬಂದಿರಲಿಲ್ಲವಲ್ಲ.

ಸ್ಕ್ರೂಡ್ರೈವರ್ ತಾಗಿಸಿದಳು. ಅರ್ಧ ಸುತ್ತಿಗೇ ಸಡಿಲ. ಉಳಿದದ್ದನ್ನು ಎರಡು ಬೆರಳಲ್ಲೇ ತಿರುಗಿಸಿ ತೆಗೆದಳು.

ಸ್ಕ್ರೂ ಫಳಫಳ ಹೊಳೆಯುತ್ತಿತ್ತು. ನೀಲಿಯ ಒಂದು ಚೂರೂ ಇಲ್ಲ. ಅದರ ಜಾಗದಲ್ಲಿ, ಸುತ್ತುಗಳ ನಡುವೆ, ಗಟ್ಟಿಯಾದ ಬಿಳಿ ಏನೋ ತುಂಬಿಕೊಂಡಿತ್ತು.

"ಮೇಣ," ಎಂದ ಶಹಬಾಜ್, ಅವಳು ಕೇಳುವ ಮುಂಚೆಯೇ. "ಬೋರ್ಡಿನ ತಳಕ್ಕ ಹಚ್ತೀವಲ್ರಿ, ಅದು. ಕೈಗಿದ್ದದ್ದು ತಾಗಿರಬೇಕು."

"ಪೊಲೀಸರೂ ಹಾಗೇ ಅಂದುಕೊಂಡಿದಾರೆ."

"ಮತ್ತ?"

"ಆ ಮೇಣ ಹಚ್ಚೋಕೆ ಏನು ಮಾಡ್ತೀಯ?"

"ಇಸ್ತ್ರಿಪೆಟ್ಟಿಗಿ ಕಾಯಿಸಿ ಕರಗಸ್ತೀನಿ."

"ಇಸ್ತ್ರಿಪೆಟ್ಟಿಗೆ ಬೇಕು, ಅಲ್ವಾ?"

ಅವಳು ಸ್ಕ್ರೂವನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

ಹೊರಗೆ ಬಸ್ಸೊಂದು ಉಸಿರು ಬಿಟ್ಟು ನಿಂತು, ಮತ್ತೆ ಹೊರಟಿತು. ಶಹಬಾಜ್ ಅವಳ ಮುಷ್ಟಿಯನ್ನೇ ನೋಡುತ್ತಿದ್ದ. ಅವನ ಹಣೆಯಲ್ಲಿ, ಅಂಥ ಚಳಿಯಲ್ಲೂ, ಬೆವರೊಡೆದಿತ್ತು.

"ಬ್ಯಾಡ್ರಿ ಅಕ್ಕಾ," ಎಂದ ಮೆಲ್ಲಗೆ.

ಅವಳು ಮುಷ್ಟಿ ಬಿಚ್ಚಿದಳು.

ಬಿಳಿ ಇರಲಿಲ್ಲ. ಅಂಗೈಯ ಗೆರೆಗಳಲ್ಲಿ ತಿಳಿಯಾದ ಎಣ್ಣೆ ಮಿನುಗುತ್ತಿತ್ತು. ಈ ದೇಶಕ್ಕೆ ಬಂದ ಯಾವ ಕನ್ನಡದ ಮನೆಗೂ ಹೊಸದಲ್ಲದ ಸಂಗತಿ ಅದು. ಚಳಿಗಾಲ ಬಂತೆಂದರೆ ಬಚ್ಚಲುಮನೆಯ ಬಾಟಲಿಯಲ್ಲಿ ಕಲ್ಲಿನಂತೆ ಬೆಳ್ಳಗೆ ಹೆಪ್ಪುಗಟ್ಟಿ, ರೇಡಿಯೇಟರ್ ಮೇಲಿಟ್ಟರೆ ಮಾತ್ರ ಸುರಿಯುವ ಅದು. ಮೂಗಿನ ಹತ್ತಿರ ತಂದಳು. ಭಾನುವಾರದ ತಲೆಸ್ನಾನದ ವಾಸನೆ.

ಕೊಬ್ಬರಿ ಎಣ್ಣೆ.

ಮುರಿದ ಭಾಗ ಯಾಕೆ ಮುರಿಯಿತೆಂದು ಗೊತ್ತಾದ ಗಳಿಗೆಯಲ್ಲಿ ಅವಳಿಗೆ ಪ್ರತಿಸಲ ಒಂದು ಸಣ್ಣ ಸಮಾಧಾನ ಆಗುತ್ತಿತ್ತು. ಈ ಸಲ ಆಗಲಿಲ್ಲ.

ಕಣ್ಣಮುಂದೆ ಒಂದು ಫೋಟೋ ಬಂತು. ಕನ್ನಡ ಬಳಗದ ವಾಟ್ಸಾಪಿನಲ್ಲಿ, ಆಯುಧ ಪೂಜೆಯ ದಿನ ಕಾಶೀಬಾಯಿ ಹಾಕಿದ್ದು. ಅವರ ಹಳೆಯ ಹೊಲಿಗೆ ಮಷೀನು, ಅದರ ಪಕ್ಕ ಗೋಡೆಗೆ ಒರಗಿಸಿದ ಮುತ್ತುವಿನ ಬೋರ್ಡು. ಬೋರ್ಡಿನ ನೆತ್ತಿಗೆ ಕುಂಕುಮ, ಮೈಗೆ ಚೆಂಡುಹೂವಿನ ಮಾಲೆ. ವಾಸಂತಿಯೇ ಅದಕ್ಕೆ ಕೈ ಮುಗಿದ ಚಿತ್ರ ಒತ್ತಿದ್ದಳು.

ಕಾಶೀಬಾಯಿಯವರ ಆಯುಧ ಪೂಜೆ ಬರೀ ಹೂವಿನ ಪೂಜೆಯಲ್ಲ. ಹೊಲಿಗೆ ಮಷೀನಿನ ಒಂದೊಂದು ಸ್ಕ್ರೂ ಬಿಚ್ಚಿ, ಹುಣಸೆಹಣ್ಣು ಹಾಕಿ ಹೊಳೆಯುವಂತೆ ತಿಕ್ಕಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಇದ್ದಲ್ಲೇ ಕೂರಿಸಬೇಕು. ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ. ಆ ಮಷೀನು ಇವತ್ತಿಗೂ ಸದ್ದಿಲ್ಲದೆ ಓಡುತ್ತದೆ.

"ನಿನಗೆ ಯಾವಾಗ ಗೊತ್ತಾಯ್ತು?"

ಶಹಬಾಜ್ ಈಗ ಕೂತ. ಸ್ಟೂಲಿನ ಮೇಲಲ್ಲ, ನೆಲದ ಮೇಲೆ.

"ಅವತ್ತ. ಆವ ಬಿದ್ದಲ್ಲಿ ಓಡಿ ಹೋದೆ. ಕೈಗೆ ಒಂದು ಸ್ಕ್ರೂ ಸಿಕ್ತು. ಯಾಕೋ ಮುಷ್ಟ್ಯಾಗ ಹಿಡಕೊಂಡ ಆಂಬುಲೆನ್ಸ್ ಹತ್ತಿದೆ. ಆಸ್ಪತ್ರಿಯೊಳಗ ಅವರು ಬಂದು 'ಐ ಆ್ಯಮ್ ಸಾರಿ' ಅಂದ್ರಲ್ಲ, ಆವಾಗ ಮುಷ್ಟಿ ಬಿಚ್ಚಿದೆ." ಅವನು ತನ್ನ ಅಂಗೈ ನೋಡಿಕೊಂಡ. "ಅವ್ವನ ವಾಸನಿ ಬಂತ್ರಿ ಅಕ್ಕಾ. ಅವ್ವನ ತಲಿ ವಾಸನಿ."

ವಾಸಂತಿ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

"ಇಳಿಯೋ ಮೊದಲ ಸ್ಕ್ರೂಡ್ರೈವರ್ ಹಿಡಕೊಂಡ ನಿಂತಿದ್ದೆ. ಪ್ರತಿ ಸಲ ಬಿಗಿ ನೋಡಿಯೇ ಬಿಡ್ತೀನಿ. ಆವ ನಕ್ಕ. 'ಅವ್ವ ಕುಂಕುಮ ಹಚ್ಚಿ ಪೂಜಿ ಮಾಡ್ಯಾಳೋ ಸಾಬಾ, ಇನ್ನ ನೀ ಏನ್ ಚೆಕ್ ಮಾಡ್ತಿ?' ಅಂದ. ನಾನೂ ನಕ್ಕೆ. ಸ್ಕ್ರೂಡ್ರೈವರ್ ಕಿಸೆದಾಗ ಇಟ್ಟೆ." ಅವನು ಕಿಸೆ ಮುಟ್ಟಿ ನೋಡಿಕೊಂಡ. "ಅಂದಮ್ಯಾಲ ತಪ್ಪು ನಂದಲ್ಲೇನ್ರಿ? ಸುಳ್ಳ ಎಲ್ಲಿ ಹೇಳಾಕತ್ತೀನಿ ನಾ?"

"ಗೋಂದು ಮರೆತೆ ಅನ್ನೋದು ಸುಳ್ಳು."

"ಅಷ್ಟ ಒಂದು."

"ಕಾರಿಗೆ ಬ್ರೇಕ್ ಕೂರಿಸೋ ವಿಭಾಗದವನು ನೀನು. ಸ್ಕ್ರೂ ಮರೆತೆ ಅಂತ ಪ್ರಮಾಣ ಮಾಡಿ ಹೇಳಿದವನ ಕೈಗೆ ನಾಳೆ ಯಾರು ಬ್ರೇಕ್ ಕೊಡ್ತಾರೆ? ಇದು ಪೇಪರಿನಲ್ಲಿ ಬರತ್ತೆ ಶಹಬಾಜ್. ನಿನ್ನ ಮಕ್ಕಳು ಓದ್ತಾರೆ."

"ಓದಲಿ ಬಿಡ್ರಿ." ಅವನು ಮೂಗೊರೆಸಿಕೊಂಡ. "ನಾ ಇಲ್ಲಿಗೆ ಓದಾಕ ಬಂದಾಗ, ರಂಜಾನಿನ್ಯಾಗ, ರೋಜಾ ಬಿಡೋ ಹೊತ್ತಿಗೆ ಮುತ್ತು ಬಸ್ ಹತ್ತಿ ಬರತಿದ್ದ. ಕೈಯಾಗ ಡಬ್ಬಿ. ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಅವ್ವ ಒಂದು ದಿನ ತಪ್ಪಿಸಲಿಲ್ಲ. ಈಗ ಆಕಿ ನನ್ನ ಕೊಲೆಗಾರ ಅಂತಾಳ. ಅನ್ನಲಿ. ಸಿಟ್ಟಿಗೆ ಒಬ್ಬಾವ ಇರೋದ್ರಿಂದ ಆಕಿ ದಿನಾ ಮುಂಜಾನೆ ಏಳ್ತಾಳ. ನನ್ನ ಬೈದು ಚಾ ಕುಡೀತಾಳ. ಆ ಸಿಟ್ಟು ಆಕಿ ಕಡೀಗೇ ತಿರುಗಿದ್ರ ಆಕಿ ಉಳೀತಾಳೇನ್ರಿ?"

"ನಾನು ಅವರಿಗೆ ಮಾತು ಕೊಟ್ಟಿದೀನಿ. ಸುಳ್ಳು ಹೇಳಲ್ಲ ಅಂತ."

"ಮಾತು ಕೊಟ್ಟಾಗ ಇದು ಗೊತ್ತಿತ್ತೇನ್ರಿ ನಿಮಗ?"

ವಾಸಂತಿ ಸ್ಕ್ರೂವನ್ನು ಟಿಶ್ಯೂವಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಅಂಗೈಯನ್ನು ಕೋಟಿಗೆ ಒರೆಸಿಕೊಂಡಳು. ಜಿಡ್ಡು ಹೋಗಲಿಲ್ಲ.

"ನಾನು ಈಗ ಅಲ್ಲಿಗೇ ಹೋಗ್ತಿದೀನಿ," ಎಂದಳು. "ಏನು ಹೇಳ್ತೀನೋ ನನಗೇ ಗೊತ್ತಿಲ್ಲ."

* * *

ಎಜ್‌ಬಾಸ್ಟನ್‌ನಲ್ಲಿದ್ದ ಕಾಶೀಬಾಯಿಯವರ ಮನೆ ತಲುಪುವಷ್ಟರಲ್ಲಿ ಶಹಬಾಜನ ಹೆಸರು ಫೋನಿನ ಮೇಲೆ ನಾಲ್ಕು ಸಲ ಮಿನುಗಿ ಆರಿತ್ತು. ಮತ್ತೆ ಗೋಗರೆಯುತ್ತಾನೆ, ಅದನ್ನು ಕೇಳುವ ಶಕ್ತಿ ನನಗಿಲ್ಲ ಎಂದುಕೊಂಡು ವಾಸಂತಿ ಫೋನಿನ ಸದ್ದಡಗಿಸಿ ಚೀಲದ ತಳಕ್ಕೆ ಹಾಕಿದಳು.

ಬಾಗಿಲಲ್ಲಿ ಮುತ್ತುವಿನ ಬೂಟುಗಳು ಇನ್ನೂ ಸ್ಟ್ಯಾಂಡಿನಲ್ಲೇ ಇದ್ದವು. ಅವಕ್ಕೆ ಧೂಳು ಕೂರದಂತೆ ಯಾರೋ ದಿನವೂ ಒರೆಸುತ್ತಿರುವುದು ಕಾಣುತ್ತಿತ್ತು.

ಕಾಶೀಬಾಯಿ ಕಿಟಕಿಯ ಹತ್ತಿರ ಕೂತಿದ್ದರು. ಎದುರಿಗೆ ಹೊಲಿಗೆ ಮಷೀನು, ಅದರ ಮೇಲೆ ಹಳೇ ಸೀರೆಯ ಹೊದಿಕೆ. ಅಕ್ಟೋಬರಿನಿಂದ ಅದನ್ನು ತೆಗೆದಿರಲಿಲ್ಲ. ರೇಡಿಯೇಟರ್ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ. ವಾಸಂತಿ ಅದರಿಂದ ಕಣ್ಣು ಕಿತ್ತುಕೊಂಡಳು.

"ಬಂದೀ? ಕೂಡು. ಏನ್ ಮಾರಿ ಹಂಗ ಆಗ್ಯದ? ಚಾ ಇಡಲೇನು?"

"ಬೇಡ ಕಾಶಕ್ಕ."

"ಹಂಗಾದ್ರ ಹೇಳು."

ಎಷ್ಟು ಸುಲಭವಾಗಿ ಕೇಳಿಬಿಟ್ಟರು. ದಾರಿಯುದ್ದಕ್ಕೂ ಕಟ್ಟಿದ ವಾಕ್ಯಗಳೆಲ್ಲ ವಾಸಂತಿಯ ಬಾಯಲ್ಲಿ ಚದುರಿಹೋದವು.

"ಶಹಬಾಜ್ ಬೇಕೂಂತ ಏನೂ ಮಾಡಿಲ್ಲ. ಅಷ್ಟು ಮಾತ್ರ ಖಂಡಿತ."

"ಮತ್ಯಾರು?"

"ಯಾರೂ ಅಲ್ಲ. ಕೆಲವು ಸಲ ಹಾಗೇ ಆಗಿಬಿಡತ್ತೆ. ಸಡಿಲಾಗಿ..."

"ತಾನ ಸಡಿಲಾದವೇನು?"

"ಹೂಂ."

ಕಾಶೀಬಾಯಿ ಹೊರಗೆ ನೋಡಿದರು. ಅವರ ಕೂದಲು ಒಣಗಿ ಹಾರಾಡುತ್ತಿತ್ತು. ಮಗ ಹೋದ ಮೇಲೆ ಅವರು ತಲೆಗೆ ಎಣ್ಣೆ ಮುಟ್ಟಿಸಿಲ್ಲವೆಂದು ವಾಸಂತಿಗೆ ಈಗ ಹೊಳೆಯಿತು. ಆದರೂ ಬಾಟಲಿ ಅಲ್ಲಿತ್ತು, ಕರಗುತ್ತ.

"ಒಂದು ಮಾತು ಕೇಳ್ತೀನಿ ವಾಸಂತಿ. ನೀ ಮಷೀನಿನ ಮನಶಾಳು, ನಿನಗ ಗೊತ್ತಿರತದ." ಅವರು ಕೈ ಚಾಚಿ ವಾಸಂತಿಯ ಕೈ ಹಿಡಿದುಕೊಂಡರು. "ಆ ಮಣಿಯ ಸ್ಕ್ರೂದ ಮೈಗೆ ನೀಲಿ ಏನೋ ಮೆತ್ತಿರತದಲ್ಲ. ಗಟ್ಟ್ಯಾಗಿ. ಸೂಜಿಲೆ ಕೆದರಿದ್ರ ಪುಡಿ ಪುಡಿ ಬರತದ. ಏನದು?"

ವಾಸಂತಿಯ ಕಣ್ಣು ರೇಡಿಯೇಟರ್ ಮೇಲಿನ ಬಾಟಲಿಗೆ ಹೋಯಿತು.

ಗೋಂದು ಅಂದರೆ ಸಾಕು. ಒಂದೇ ಶಬ್ದ. ಉಳಿದದ್ದನ್ನು ಕಾಶೀಬಾಯಿ ತಾವೇ ಜೋಡಿಸಿಕೊಳ್ಳುತ್ತಾರೆ, ಅಷ್ಟು ಬುದ್ಧಿ ಅವರಿಗಿದೆ. ಮಾತು ಉಳಿಯುತ್ತದೆ. ಗುರುವಾರ ಶಹಬಾಜನೂ ಉಳಿಯುತ್ತಾನೆ. ಎದುರಿಗೆ ಕೂತ ಈ ಒಣಗಿದ ತಲೆಯ ಹೆಂಗಸು?

"ಅದಾ? ಬಣ್ಣ ಕಾಶಕ್ಕ," ಎಂದಳು. "ಬರೀ ಬಣ್ಣ. ಯಾವ ಅಳತೆಯ ಸ್ಕ್ರೂ ಅಂತ ಗುರುತಿಗೆ ಹಚ್ಚಿರ್ತಾರೆ."

"ಗುರುತಿಗೆ."

"ಹೂಂ. ಅದಕ್ಕೇನೂ ಕೆಲಸ ಇಲ್ಲ."

ಕಾಶೀಬಾಯಿ ತಲೆಯಾಡಿಸಿದರು, ನಿಧಾನವಾಗಿ, ಬಹಳ ಹೊತ್ತು. ಆಮೇಲೆ ಕೈ ಬಿಟ್ಟರು.

"ನೀ ದಾರ್ಯಾಗ ಇದ್ದಾಗ ಶಾಬಾಜಗ ಫೋನ್ ಹಚ್ಚಿದ್ದೆ. ಇಷ್ಟ ದಿನದಾಗ ಮೊದಲನೇ ಸಲ. ಇದನ್ನ ಕೇಳಿದೆ."

ಚೀಲದ ತಳದಲ್ಲಿ ಸದ್ದಡಗಿ ಬಿದ್ದಿದ್ದ ಫೋನು ವಾಸಂತಿಯ ನೆನಪಿಗೆ ಬಂತು. ನಾಲ್ಕು ಸಲ.

"ತುಕ್ಕು ಹಿಡೀಬಾರದು ಅಂತ ಹಚ್ಚೋ ಔಷಧ ಅವ್ವಾ, ಅಂದ ಆವ. ಭಾಳ ಬಡಬಡಿಸಿ ಅಂದ." ಕಾಶೀಬಾಯಿಯವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. "ಆವ ಔಷಧ ಅಂತಾನ. ನೀ ಬಣ್ಣ ಅಂತಿ. ಇಬ್ಬರೂ ನನಗ ಸುಳ್ಳ ಹೇಳೋ ಮಂದಿ ಅಲ್ಲ."

"ಕಾಶಕ್ಕ..."

ಅವರು ಎದ್ದರು. ಹೊಲಿಗೆ ಮಷೀನಿನ ಹೊದಿಕೆ ತೆಗೆದು ಮಡಿಸಿ ಪಕ್ಕಕ್ಕಿಟ್ಟರು. ಡ್ರಾಯರ್ ಎಳೆದು, ಹಿಡಿ ಸವೆದ ಒಂದು ಸ್ಕ್ರೂಡ್ರೈವರ್ ತೆಗೆದು ಮಷೀನಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಒಂದು ದಪ್ಪ ಸೂಜಿ. ಸೂಜಿಯ ತುದಿಯಲ್ಲಿ ಚೂರೇ ಚೂರು ನೀಲಿ.

"ಗುರುವಾರ ನಾನೂ ಬರ್ತೀನಿ," ಎಂದರು. "ಅಲ್ಲಿ ದೊಡ್ಡ ಸಾಹೇಬ್ರು ಕುಂತಿರತಾರಲ್ಲ, ಅವರನ್ನ ಕೇಳ್ತೀನಿ. ಅವರಿಗೆ ನನ್ನ ಮ್ಯಾಲ ಪ್ರೀತಿ-ಮಾಯಾ ಇರಂಗಿಲ್ಲ. ಖರೇ ಹೇಳ್ತಾರ."

ವಾಸಂತಿ ಎದ್ದು ಅವರ ಹತ್ತಿರ ಹೋದಳು. ಏನಾದರೂ ಹೇಳಬೇಕಿತ್ತು. ಬಾಯಿ ತೆರೆದಾಗ ಬಂದದ್ದು ಇಷ್ಟೇ:

"ಮೊದಲು ಎರಡು ತುತ್ತು ಊಟ ಮಾಡಿ ಕಾಶಕ್ಕ."

ಕಾಶೀಬಾಯಿ ತಿರುಗಿ ಅವಳ ಮುಖ ನೋಡಿದರು.

ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟ ಮಾತನ್ನು ವಾಸಂತಿ ಮುರಿದಿದ್ದಳು.